ಹೋಗುವ ಗಂಟೆ, ಬರುವ ಗಂಟೆ

ಮಾರ್ಚ್ 3, ಬೆಳಿಗ್ಗೆ 10
ಮತ್ತೆ ಟಿಕೆಟ್ ಕೆಲಸ. ಆಸ್ಪತ್ರೆಯ ಕಸಿ ವಿಭಾಗದಲ್ಲಿ ನನ್ನದು ಇದೇ — ಅಸ್ಥಿಮಜ್ಜೆಯ ಪೆಟ್ಟಿಗೆ ತರುವವರ ಪ್ರಯಾಣ ನೋಡಿಕೊಳ್ಳುವುದು. ಈ ಸಲ ದಾನಿ ಇರುವುದು ಭೂಮಿಯ ಆ ಮಗ್ಗುಲಲ್ಲಿ. 13,400 ಕಿ.ಮೀ. ವೆಬ್‌ಸೈಟ್ ಪ್ರಕಾರ ಹದಿನೈದು ಗಂಟೆ. ಹೋಗಲು ಹದಿನೈದು, ಬರಲು ಹದಿನೈದು ಎಂದು ಬರೆದೆ. ದೊಡ್ಡ ನಗರದಲ್ಲಿ ಇಳಿದ ಎರಡು ಗಂಟೆಗೆ ನಮ್ಮೂರಿಗೆ ಸಣ್ಣ ವಿಮಾನ. ಸಲೀಸು.

ಪೆಟ್ಟಿಗೆ ಆರನೇ ವಾರ್ಡಿನ ಟೈಲರ್ ಅಕ್ಕನಿಗೆ. ತರುವವರು ಮೇಷ್ಟ್ರು, ರಿಟೈರ್ಡ್, ಭೂಗೋಳ. ಇದು ಅವರ ಹತ್ತೊಂಬತ್ತನೇ ಪೆಟ್ಟಿಗೆ, ಎಲ್ಲ ಪುಕ್ಕಟೆ. ಯಾರಿಗೆಂದು ಅವರಿಗೆ ಹೇಳುವಂತಿಲ್ಲ. ತಂದವರು ಯಾರೆಂದು ರೋಗಿಗೂ ಹೇಳುವಂತಿಲ್ಲ. ನಿಯಮ.

ಮಾರ್ಚ್ 4
ಮೇಷ್ಟ್ರು ಕನ್ನಡಕ ಹಣೆಗೇರಿಸಿ ನನ್ನ ಹಾಳೆ ನೋಡಿದರು.
"ಎರಡೂ ಕಡೆ ಹದಿನೈದಾ? ಗಾಳಿಗೆ ರಜಾ ಕೊಟ್ಟಿದ್ದೀಯೇನಮ್ಮ?"
ಹೋಗುವಾಗ ಗಾಳಿ ಬೆನ್ನಿಗೆ. ಬರುವಾಗ ಮುಖಕ್ಕೆ. ಹದಿನೇಳೂವರೆ ಆಗುತ್ತದಂತೆ. ಸಣ್ಣ ವಿಮಾನ ತಪ್ಪುತ್ತದೆ, ಮುಂದಿನದು ಮರುದಿನ. ಹೊರತೆಗೆದ ಮಜ್ಜೆಗಿರುವುದು ನಲವತ್ತೆಂಟೇ ಗಂಟೆ ಆಯುಸ್ಸು. ಅಕ್ಕನ ಹಳೆಯ ಮಜ್ಜೆ ಸಾಯಿಸುವ ಔಷಧ ನಿನ್ನೆಯೇ ಶುರುವಾಗಿದೆ. ಇದು ಬರದಿದ್ದರೆ ಅವಳಿಲ್ಲ.

ಮೇಷ್ಟ್ರು ಬೈಯಲಿಲ್ಲ. ಜೇಬಿನಿಂದ ದಾರ ತೆಗೆದು ಗ್ಲೋಬಿನ ಮೇಲಿಟ್ಟರು. ದಕ್ಷಿಣಕ್ಕೆ ಜಗ್ಗಿದರು.
"ಹೀಗೆ ಬರೋಣ. ಸುತ್ತು. ಆದ್ರೆ ಗಾಳಿ ಕಾಟ ಇಲ್ಲ, ಆ ಸಣ್ಣ ವಿಮಾನ ಬೇಡ, ನಮ್ಮೂರಿಗೇ ಇಳಿಯುತ್ತೆ."
ಹುಡುಕಿದೆ. ಇತ್ತು! ಸಾವಿರದ ಐನೂರು ಕಿ.ಮೀ. ಹೆಚ್ಚು, ನಡುವೆ ಒಂದು ಇಳಿತ, ಇಪ್ಪತ್ತೊಂದು ಗಂಟೆ. ಆದರೂ ಒಂದು ದಿನ ಮೊದಲೇ ಬರುತ್ತದೆ. ಕಾಲಿಗೆ ಬೀಳೋಣ ಅನಿಸಿತು. ಟೀ ತಂದುಕೊಟ್ಟೆ.

ಮಾರ್ಚ್ 11, ಮಧ್ಯಾಹ್ನ 3:20
ಬಂದರು. ದಾನಿಯಿಂದ ತೆಗೆದು ಮೂವತ್ತೊಂದನೇ ಗಂಟೆ. ಅಷ್ಟು ಹೊತ್ತೂ ಪೆಟ್ಟಿಗೆ ತೊಡೆಯ ಮೇಲೇ. ಕಣ್ಣು ಕೆಂಡ, ಅಂಗಿ ಮುದ್ದೆ, ಮೊಣಕೈ ಹತ್ತಿರ ಹರಿದಿದೆ. ಸಹಿ ಹಾಕಿ ಬಸ್ ಹಿಡಿದು ಮನೆಗೆ ಹೋದರು. ಇಂಥವರೂ ಇರುತ್ತಾರೆ.

ಏಪ್ರಿಲ್ 9
ಅಕ್ಕನ ರಿಪೋರ್ಟ್ ಸರಿಯಾಗಿದೆ. ಹೊಸ ಮಜ್ಜೆ ಬೇರು ಬಿಟ್ಟಿದೆ. ಬೋಳು ತಲೆಗೆ ಸ್ಕಾರ್ಫ್ ಸುತ್ತಿಕೊಂಡು ನನ್ನ ಟೇಬಲ್ಲಿಗೇ ಬಂದಳು.
"ತಂದೋರು ಯಾರು?"
"ಹೇಳೋ ಹಾಗಿಲ್ಲ ಅಕ್ಕ."
"ಹೆಸರು ಯಾರಿಗೆ ಬೇಕು? ಅಳತೆ ಹೇಳು."

ಸಂಜೆ 5
ಮೇಷ್ಟ್ರಿಗೆ ಫೋನ್ ಮಾಡಿದೆ. ಆಫೀಸಿಗೆ ಅಂಗಿಯ ಅಳತೆ ಬೇಕು ಎಂದೆ. ಸುಳ್ಳು ನನಗೆ ಬರುವುದಿಲ್ಲ. ಅವರು ಕೇಳಿದ್ದು ಒಂದೇ.
"...ಆರಾಮಾಗಿದ್ದಾರಾ?"
"ಹ್ಞೂಂ."
"ತಡಿ. ಟೇಪ್ ತರ್ತೀನಿ."
ಎದೆ ನಲವತ್ತು. ಭುಜ ಹದಿನೇಳೂವರೆ. ತೋಳು —