ದೊಡ್ಡಮ್ಮನ ಮಂಡಿ

ಮಂಗಳವಾರ, ಮಲಗುವ ಮುಂಚೆ

ನಾಳೆಯಿಂದ ಆ ಕುಂಟು ಹೆಜ್ಜೆಯನ್ನು ತೆಗೆದೇಬಿಡುತ್ತಾಳಂತೆ ತಂಗಿ. ನಾವಿಬ್ಬರೂ ಮಕ್ಕಳಿಗೆ ಕಲಿಸುವ, ಮಲಗಿದ ನೆಲವನ್ನು ಎಬ್ಬಿಸುವ ಹಳೆಯ ಕುಣಿತದಲ್ಲಿ ಎಡಗಾಲನ್ನು ಅರೆಗಳಿಗೆ ತಡೆದು ಊರುತ್ತೇವಲ್ಲ, ಅದನ್ನು. ಇವತ್ತು ಅಭ್ಯಾಸ ನೋಡಲು ಬಂದ ಸಂಶೋಧಕರು ಮಾರುಹೋದದ್ದೇ ಅದಕ್ಕೆ. "ಕಾಲಿಡೋ ಮುಂಚೆ ಭೂಮಿಯ ಅಪ್ಪಣೆ ಕೇಳೋದು ಇದು. ಸಾವಿರಾರು ವರ್ಷದ ಅರಿವು, ಮೈಯಲ್ಲೇ ಉಳಿದಿದೆ ನೋಡಿ."

ಅವರು ಹೋದ ಮೇಲೆ ತಂಗಿ ನಕ್ಕಳು. "ಅಕ್ಕಾ, ಅದು ದೊಡ್ಡಮ್ಮನ ಮಂಡಿನೋವು ಕಣೇ. ಮಕ್ಕಳಿಗೆ ಸುಳ್ಳು ಕಲಿಸೋದು ಬೇಡ."

ನಿಜವೇ. ನಮಗೆ ಕಲಿಸುವ ಹೊತ್ತಿಗೆ ದೊಡ್ಡಮ್ಮನ ಎಡಮಂಡಿ ಬಾತಿತ್ತು. ಕುಣಿತದ ಜೊತೆ ಕುಂಟನ್ನೂ ಶ್ರದ್ಧೆಯಿಂದ ಕಲಿತೆವು. "ಮಂಡಿ ಕೆಟ್ರೂ ಬಂಡಿ ನಿಲ್ಲಲ್ಲ" ಅನ್ನುತ್ತಿದ್ದಳು. ನನ್ನ ಪ್ರಾಸದ ಚಟವೂ ಅವಳದೇ ಬಳುವಳಿ.

ಈಗ ನೀರು ಕುಡಿಯಲು ಎದ್ದರೆ, ಹೊಸಿಲ ಬಳಿ ನನ್ನ ಎಡಗಾಲು ತಾನಾಗಿ ತಡೆಯಿತು. ನನಗೆ ನೋವಿಲ್ಲ. ಗೋಡೆಯ ಫೋಟೋದಲ್ಲಿ ದೊಡ್ಡಮ್ಮನ ಮುಖವಿದೆ, ನಡಿಗೆಯಿಲ್ಲ. ಅದಿರುವುದು ನಮ್ಮ ಕಾಲುಗಳಲ್ಲಿ.

ಬೆಳಿಗ್ಗೆ ತರಗತಿಗೆ ಮುಂಚೆ ತಂಗಿಯನ್ನು ಹಿಡಿಯಬೇಕು. ಸುಳ್ಳು ಬೇಡ, ದೊಡ್ಡಮ್ಮನ ಮಂಡಿ ಅಂತಲೇ ಹೇಳಿ ಕಲಿಸೋಣ, ಆದರೆ ಕಾಲು ಮಾತ್ರ ಅಲ್ಲಿ ಅರೆಗಳಿಗೆ... ತಡೆಯಲಿ.