ಹದಿನೇಳನೇ ಕಂತನ್ನು ಕತ್ತರಿಸಿ ಎಂದವರಿಗೆ

ಹರಳೂರು,
ಫೆಬ್ರವರಿ ಮೂವತ್ತು, ಎರಡು ಸಾವಿರದ ಮುನ್ನೂರ ಅರವತ್ತೊಂದು.

ಶ್ರೀ ಜಯತೀರ್ಥ ಅವರಿಗೆ,

ಫೆಬ್ರವರಿಗೆ ಮೂವತ್ತನೇ ತಾರೀಖು ಎಲ್ಲಿಂದ ಬಂತು ಎಂದು ನೀವು ನಗಬಹುದು. ನಾವು ತಿಂಗಳುಗಳನ್ನೆಲ್ಲ ಸಮ ಮಾಡಿಕೊಂಡು ನೂರು ವರ್ಷವಾಯಿತು. ನಗು ಮುಗಿಸಿ ಮುಂದೆ ಓದಿ. ನನ್ನ ಕನ್ನಡ ನಿಮಗೆ ವಿಚಿತ್ರವಾಗಿ ಕೇಳಿಸಿದರೆ ಕ್ಷಮಿಸಿ. ನಮ್ಮ ಭಾಷೆಯಲ್ಲಿ ಅರ್ಧ ಹಿರಿಯರಿಂದ ಬಂದದ್ದು, ಇನ್ನರ್ಧ ಡಬ್ಬಿಂಗ್ ಕಲಾವಿದರಿಂದ ಬಂದದ್ದು. ನಾನು ಕ್ಷಮೆ ಕೇಳುವುದು ಇಷ್ಟಕ್ಕೆ ಮಾತ್ರ. ಉಳಿದದ್ದಕ್ಕೆ ಕೇಳಬೇಕಾದವರು ನೀವು.

ನನ್ನ ಹೆಸರು ಹುಲಿಗೆಮ್ಮ. ಹರಳೂರಿನ ತಂಡದಲ್ಲಿ ಹನ್ನೊಂದು ವರ್ಷದಿಂದ ಇದ್ದೇನೆ. ತಂಡ ಎಂದರೆ ನಿಮ್ಮ ಕಾಲದಲ್ಲಿ ಪೊಲೀಸ್ ಎನ್ನುತ್ತಿದ್ದಿರಲ್ಲ, ಅದು. ನಮ್ಮ ಪಾಲಿಗೆ ಕಾನೂನಿನ ಪುಸ್ತಕ ಒಂದೂ ಉಳಿಯಲಿಲ್ಲ. ಉಳಿದದ್ದು ಒಂದು ತಗಡಿನ ಪೆಟ್ಟಿಗೆ, ಅದರೊಳಗೆ ಕನ್ನಡಕ್ಕೆ ಡಬ್ ಆದ ಒಂದು ಚೀನೀ ಪತ್ತೇದಾರಿ ಧಾರಾವಾಹಿ. ಹೆಸರು 'ಉಕ್ಕಿನ ಸೇತುವೆ'. ಆರು ಸಾವು, ಒಬ್ಬ ಕ್ಯಾಪ್ಟನ್ ವೆಯ್, ನಲವತ್ತು ಕಂತು. ಐದು ತಲೆಮಾರಿನಿಂದ ನಾವು ಅಪರಾಧ ಹುಡುಕುವುದನ್ನು ಅದರಿಂದಲೇ ಕಲಿತಿದ್ದೇವೆ. ಊರಲ್ಲಿ ಯಾರಾದರೂ ಅಕಸ್ಮಾತ್ತಾಗಿ ಸತ್ತರೆ ಅಂದಿನಿಂದ 'ನಲವತ್ತು' ಶುರು. ದಿನಕ್ಕೊಂದು ಕಂತು. ಬೆಳಿಗ್ಗೆ ತಂಡದವರೆಲ್ಲ ಸುಣ್ಣದ ಗೋಡೆಯ ಮುಂದೆ ಕೂತು ಆ ದಿನದ ಕಂತು ನೋಡಬೇಕು, ಆಮೇಲೆ ಅದರಲ್ಲಿ ತೋರಿಸಿದ ಕೆಲಸವನ್ನು ಊರಲ್ಲಿ ಮಾಡಬೇಕು. ಶುರುವಿನ ಹಾಡನ್ನು ಯಾರೂ ದಾಟಿಸುವಂತಿಲ್ಲ. ವೆಯ್ ಶ್ಯಾವಿಗೆಯನ್ನು ನಿಂತುಕೊಂಡೇ ತಿನ್ನುತ್ತಾನೆಂದು ನಾವೂ ನಿಂತೇ ತಿನ್ನುತ್ತೇವೆ. ಅವನ ಕೈಯಲ್ಲಿ ಸದಾ ಬಿಸಿನೀರಿನ ಫ್ಲಾಸ್ಕ್ ಇರುತ್ತದೆ ಎಂದು ನಮ್ಮ ತಂಡದ ಹಿರಿಯ ದ್ಯಾವಣ್ಣನೂ ಒಂದು ಹಿಡಿದುಕೊಂಡು ಓಡಾಡುತ್ತಾನೆ. ಅದರಲ್ಲಿ ನೀರು ಬಿಸಿ ನಿಲ್ಲುವುದು ಬಿಟ್ಟು ಎಷ್ಟು ಕಾಲವಾಯಿತೋ.

ಧಾರಾವಾಹಿಯಲ್ಲಿ ಒಳ್ಳೆಯದು ಇಲ್ಲವೆಂದರೆ ನನ್ನ ನಾಲಿಗೆ ಸೇದಿಹೋದೀತು. ಅದು ಸಿಗುವ ಮೊದಲು ನಮ್ಮಲ್ಲಿ ಹಗ್ಗ ಇತ್ತು. ಅನುಮಾನ ಬಂದವನನ್ನು ಕಂಬಕ್ಕೆ ಕಟ್ಟಿ, ಬಾಯಿ ಬಿಡುವವರೆಗೂ ಬಡಿಯುತ್ತಿದ್ದರು. ನಮ್ಮ ಪೆಟ್ಟಿಗೆಯಲ್ಲಿರುವ ಮೂವತ್ತೊಂಬತ್ತು ಕಂತುಗಳಲ್ಲಿ ವೆಯ್ ಒಬ್ಬರ ಮೇಲೂ ಕೈ ಎತ್ತುವುದಿಲ್ಲ. ಒಂದೇ ಬೀದಿಗೆ ಏಳು ಸಲ ಹೋಗುತ್ತಾನೆ. ಮುದುಕಿಯರು ಪಕ್ಕದ ಮನೆಯ ಕೋಳಿಯ ಬಗ್ಗೆ ದೂರು ಹೇಳಿದರೂ ಬೇಸರವಿಲ್ಲದೆ ಕೇಳಿ, ಅದರಲ್ಲೊಂದು ಎಳೆ ಹಿಡಿದುಕೊಂಡು ಬರುತ್ತಾನೆ. ಸತ್ತವಳ ಚಪ್ಪಲಿಯನ್ನು, ಅರ್ಧ ಹೆಣೆದ ಸ್ವೆಟರನ್ನು ತೋರಿಸಿ, ಸತ್ತದ್ದು ಒಂದು ಹೆಣವಲ್ಲ, ಒಂದು ಬದುಕು ಎಂದು ಮನಸ್ಸಿಗೆ ನಾಟಿಸುತ್ತಾರೆ. ನಮ್ಮೂರಿನ ಕಂಬ ಕಿತ್ತುಹಾಕಿಸಿದ್ದು ಆ ಧಾರಾವಾಹಿ. ಈ ವಿಷಯದಲ್ಲಿ ನಿಮಗೂ ನನಗೂ ಜಗಳವಿಲ್ಲ. ನೀವೂ ನಿಮ್ಮ ವಿಮರ್ಶೆಯಲ್ಲಿ ಅದರ ತಾಳ್ಮೆಯನ್ನು ಹೊಗಳಿದ್ದೀರಿ.

ಇನ್ನು ದೌರ್ಬಲ್ಯ. ಆ ಕಥೆಯಲ್ಲಿ ಯಾರೂ ಸುಮ್ಮನೆ ಕಾಲು ಜಾರಿ ಬಿದ್ದು ಸಾಯುವುದಿಲ್ಲ. ಆರಕ್ಕೆ ಆರೂ ಕೊಲೆ. ನಲವತ್ತನೇ ಕಂತಿನಲ್ಲಿ ಅಪರಾಧಿ ತಾನಾಗಿಯೇ ಅತ್ತು ಎಲ್ಲವನ್ನೂ ಒಪ್ಪಿಕೊಳ್ಳಲೇಬೇಕು. ಆಮೇಲೆ ಕಪ್ಪು ತೆರೆಯ ಮೇಲೆ ಬಿಳಿ ಅಕ್ಷರ: ಯಾರಿಗೆ ಎಷ್ಟು ಶಿಕ್ಷೆ, ಎಲ್ಲವೂ ಕಾನೂನಿನಂತೆ ನಡೆಯಿತು. ಅದನ್ನು ನಾವು 'ಕೊನೆಬರಹ' ಎನ್ನುತ್ತೇವೆ, ಅಪರಾಧಿಯ ಮನೆಯ ಗೋಡೆಯ ಮೇಲೆ ಬರೆಯುತ್ತೇವೆ. ಅವನನ್ನು ಮೂರು ದಿನದ ನೀರು ಕೊಟ್ಟು ಉಪ್ಪುಬಯಲಿನ ಆಚೆಗೆ ಕಳಿಸುತ್ತೇವೆ. ಇದುವರೆಗೆ ಯಾರೂ ವಾಪಸು ಬಂದಿಲ್ಲ. ನೀವು ಸೋಫಾದ ಮೇಲೆ ಕಾಲು ಚಾಚಿ, ಕೋಡುಬಳೆ ಕಡಿಯುತ್ತ ಇದನ್ನೆಲ್ಲ ನೋಡಿ, ಟಿವಿ ಆರಿಸಿ ಮಲಗಿದಿರಿ. ಆರಿಸುವ ಅನುಕೂಲ ನಮಗಿರಲಿಲ್ಲ.

ಪೆಟ್ಟಿಗೆಯಲ್ಲಿ ಹದಿನಾರನೇ ಕಂತಿನ ನಂತರ ನೇರವಾಗಿ ಹದಿನೆಂಟನೆಯದು ಬರುತ್ತದೆ. ಹದಿನೇಳು ಇಲ್ಲ. ಕಂತಿಲ್ಲದ ದಿನ ಕೆಲಸವೂ ಇಲ್ಲವೆಂದು ನಮ್ಮ ಹಿರಿಯರು ತೀರ್ಮಾನಿಸಿದರು. ಹಾಗಾಗಿ ಹದಿನೇಳನೇ ದಿನ ತಂಡಕ್ಕೆ ಎಣ್ಣೆಸ್ನಾನ, ಹೋಳಿಗೆ ಊಟ, ಮಧ್ಯಾಹ್ನ ನಿದ್ದೆ. ಹದಿನಾರರಲ್ಲಿ ವೆಯ್ ಒಬ್ಬ ಹೋಟೆಲಿನ ಅಡುಗೆಯವನನ್ನು ಹಿಡಿಯುತ್ತಾನೆ. ಹದಿನೆಂಟರಿಂದ ಆ ಅಡುಗೆಯವನು ಕಾಣುವುದೇ ಇಲ್ಲ. ಅವನು ಏನಾದ ಎಂದು ನಾನು ತಂಡಕ್ಕೆ ಸೇರಿದ ವರ್ಷ ಕೇಳಿದ್ದೆ. ಹಿಡಿದವನು ಮತ್ತೆ ಹೊರಗೆ ಬರುವುದಿಲ್ಲ, ಅಷ್ಟೂ ತಿಳಿಯದೇ ಎಂದು ಗದರಿದರು.

ನಿನ್ನೆ ರಾತ್ರಿ ಪೆಟ್ಟಿಗೆಯ ತಳದ ಮರದ ಹಲಗೆ ಸಡಿಲಾಯಿತು. ಕೆಳಗೆ ನಿಮ್ಮ ಕಾಲದ ಪತ್ರಿಕೆಯ ಒಂದು ಹಾಳೆ ಹಾಸಿತ್ತು. ಅದರಲ್ಲಿ ನಿಮ್ಮ ವಿಮರ್ಶೆ. ನಿಮ್ಮ ಸಾಲುಗಳನ್ನು ನಿಮಗೇ ಓದಿ ಹೇಳುತ್ತೇನೆ: "ಹದಿನೇಳನೇ ಕಂತು ಶುದ್ಧ ಎಳೆತ. ತಪ್ಪಾಗಿ ಹಿಡಿದ ಅಡುಗೆಯವನನ್ನು ಬಿಟ್ಟು ಕಳಿಸಿ, ವೆಯ್ ಅವನ ತಾಯಿಯ ಮುಂದೆ ಹನ್ನೊಂದು ನಿಮಿಷ ಕ್ಷಮೆ ಕೇಳುತ್ತಾನೆ. ಕಥೆ ಒಂದಿಂಚೂ ಮುಂದೆ ಹೋಗುವುದಿಲ್ಲ. ಮರುಪ್ರಸಾರದಲ್ಲಿ ಕತ್ತರಿಸಿದರೆ ಯಾರಿಗೂ ನಷ್ಟವಿಲ್ಲ." ವಾಹಿನಿಯವರು ನಿಮ್ಮ ಮಾತನ್ನು ಶಿರಸಾವಹಿಸಿ ಪಾಲಿಸಿದ್ದಾರೆ; ನಮ್ಮ ಪೆಟ್ಟಿಗೆಗೆ ಬಂದದ್ದು ಆ ಮರುಪ್ರಸಾರವೇ. ಅದೇ ಹಾಳೆಯಲ್ಲಿ, ನಾಲ್ಕು ಸಾಲಿನ ಕೆಳಗೆ, ವೆಯ್ ದೇವರಂತೆ ತಪ್ಪೇ ಮಾಡುವುದಿಲ್ಲ, ಪಾತ್ರಕ್ಕೆ ಜೀವವಿಲ್ಲ ಎಂದು ಮೂಗು ಮುರಿದಿದ್ದೀರಿ! ನಿಮಗೆ ನಾಚಿಕೆಯಾಗಲಿಲ್ಲವೇ? ಅವನು ತಪ್ಪು ಮಾಡಿದ ಒಂದೇ ಒಂದು ಕಂತನ್ನು ಕಸದ ಬುಟ್ಟಿಗೆ ಹಾಕಿಸಿದವರು ನೀವೇ ಅಲ್ಲವೇ?

ಇಂದು ನಲವತ್ತರಲ್ಲಿ ಮೂವತ್ತೇಳನೇ ದಿನ. ಈ ಸಲ ಒಳಗಿರುವವನು ನನ್ನ ತಮ್ಮ ಪಂಪಣ್ಣ. ಅವನು ಬೀಜದ ಉಗ್ರಾಣ ಗುಡಿಸುವವನು. ಉಗ್ರಾಣದ ಕಾವಲಿನ ಯಂಕೋಬಜ್ಜ ಮೆಟ್ಟಿಲ ಬುಡದಲ್ಲಿ ತಲೆ ಒಡೆದು ಸತ್ತು ಬಿದ್ದಿದ್ದ. ಮೂರನೇ ಮೆಟ್ಟಿಲಲ್ಲಿ ಪಾಚಿಯಿತ್ತು, ಪಾಚಿಯ ಮೇಲೆ ಜಾರಿದ ಗುರುತಿತ್ತು. ನಾನೇ ಕಣ್ಣಾರೆ ನೋಡಿ ಹೇಳಿದೆ. ಜಾರಿ ಸತ್ತವರನ್ನು ಯಾವ ಕಂತಿನಲ್ಲಿ ನೋಡಿದ್ದೀ ಎಂದು ದ್ಯಾವಣ್ಣ ಕೇಳಿದ. ತಂಡ ಹೆಜ್ಜೆಗುರುತು ಹುಡುಕಲು ಹೊರಟಿತು. ಸುತ್ತ ಇದ್ದದ್ದು ದಿನಾ ಗುಡಿಸುವ ಪಂಪಣ್ಣನ ಹೆಜ್ಜೆಗಳು. ಹದಿನಾರನೇ ದಿನ ಅವನನ್ನು ಕರೆತಂದೆವು. ಹದಿನೇಳನೇ ದಿನ ಅವನು ಒಳಗೆ ಕೂತಿದ್ದ, ನಾವು ಎಣ್ಣೆ ಹಚ್ಚಿಕೊಂಡು ಸ್ನಾನ ಮಾಡಿದೆವು. ಹೋಳಿಗೆಯನ್ನು ನಾನೂ ತಿಂದೆ.

ಇವತ್ತು ಅವನನ್ನು ನೋಡಲು ಹೋಗಿದ್ದೆ. ಅವನು ಗೋಡೆಗೆ ಮುಖ ಮಾಡಿ ನಲವತ್ತನೇ ಕಂತಿನ ಒಪ್ಪಿಗೆಯ ಮಾತನ್ನು ಬಾಯಿಪಾಠ ಮಾಡುತ್ತಿದ್ದ. ನನ್ನನ್ನು ಕಂಡು ತಲೆ ಕೆರೆದುಕೊಂಡ.

"ಮಾತು ಬಂದಾವ ಅಕ್ಕ, ಅಳು ಒಂದು ಬರವಲ್ದು. ನಾ ಅಳದಿದ್ರ ಊರಿಗೆ ಮುಗದಂಗ ಆಗಂಗಿಲ್ಲ, ಹೌದಿಲ್ಲೋ?"

ಅವನಿಗೆ ಸಿಟ್ಟಿಲ್ಲ. ಊರಿನ ಕೆಲಸವೊಂದು ತನ್ನಿಂದ ಕೆಟ್ಟೀತೆಂಬ ಚಿಂತೆ ಮಾತ್ರ. ಅವನ ಪಾಲಿನ ಸಿಟ್ಟನ್ನೂ ನಾನೇ ಪಡುತ್ತಿದ್ದೇನೆ, ಮತ್ತು ಅದು ನಿಮ್ಮ ಮೇಲೆ.

ಅಲ್ಲಿಂದ ನಿಮ್ಮ ಹಾಳೆ ಹಿಡಿದು ದ್ಯಾವಣ್ಣನ ಹತ್ತಿರ ಹೋದೆ. ಅವನು ಎರಡು ಸಲ ಓದಿದ. ಅವನೇನು ಕೆಟ್ಟವನಲ್ಲ.

"ಬಿಟ್ರು ಅಂತ ಬರದೈತಿ, ಖರೆ. ಹೆಂಗ ಬಿಟ್ರು, ಏನಂದು ಬಿಟ್ರು, ಅದು ಎಲ್ಲೈತಿ? ನೋಡದ್ದನ್ನ ಹೆಂಗ ಮಾಡೂದು, ಹುಲಿಗೆವ್ವಾ?"

ಅವನ ಪ್ರಶ್ನೆಗೆ ನಿಮ್ಮ ಹಾಳೆಯಲ್ಲಿ ಉತ್ತರವಿಲ್ಲ. ಹನ್ನೊಂದು ನಿಮಿಷಕ್ಕೆ ನೀವು ಕೊಟ್ಟದ್ದು ಒಂದು ಸಾಲು. ವೆಯ್ ನಿಂತಿದ್ದನೇ, ಕೂತಿದ್ದನೇ? ಆ ತಾಯಿ ಬಾಗಿಲು ತೆರೆದಳೇ? ಬೈದಳೇ? ಅಡುಗೆಯವನು ಮತ್ತೆ ಹೋಟೆಲಿಗೆ ಹೋದನೇ, ಜನ ಅವನ ಕೈಯ ಅಡುಗೆ ಉಂಡರೇ? ಬೇಸರವಾಯಿತೆಂದು ನೀವು ಆಕಳಿಸಿದ್ದು ಇದೇ ಹನ್ನೊಂದು ನಿಮಿಷದಲ್ಲಿ.

ಈ ಕಾಗದ ನಿಮ್ಮ ಕೈಗೆ ಹೇಗೆ ಬಂತೆಂದು ತಲೆ ಕೆಡಿಸಿಕೊಳ್ಳಬೇಡಿ; ಕಳಿಸಿಕೊಡುತ್ತೇವೆ ಎಂದವರಿಗೂ ಅದು ಪೂರ್ತಿ ತಿಳಿಯದು. ಆ ಕಂತು ನಿಮ್ಮ ಕಾಲದಲ್ಲಿ ಇನ್ನೂ ಇದೆ. ಕೂತು ನೋಡಿ. ಒಂದೊಂದು ಮಾತನ್ನೂ ಬರೆಯಿರಿ, ಅದೇ ಪತ್ರಿಕೆಗೆ, ಅದೇ ಪುಟಕ್ಕೆ. ನಲವತ್ತನೇ ದಿನ ಬೆಳಿಗ್ಗೆ, ಊರು ಸೇರುವ ಮೊದಲು, ನಿಮ್ಮ ಹೊಸ ಹಾಳೆ ಬಂದಿದೆಯೇ ಎಂದು ನಾನು ಆ ಹಲಗೆ ಎತ್ತಿ ನೋಡುತ್ತೇನೆ.

ತಮ್ಮನೊಬ್ಬನಿಗಾಗಿ ಗೋಗರೆಯುತ್ತಿದ್ದಾಳೆ ಎಂದುಕೊಳ್ಳಬೇಡಿ. ಈ ಹನ್ನೊಂದು ವರ್ಷದಲ್ಲಿ ಒಂಬತ್ತು ಜನರನ್ನು ನಲವತ್ತನೇ ದಿನಕ್ಕೆ ತಲುಪಿಸಿದವಳು ನಾನು. ಒಂಬತ್ತೂ ಜನ ಅತ್ತರು, ಊರು ನನ್ನನ್ನು ಹೊಗಳಿತು. ಅವರಲ್ಲಿ ನಾಲ್ವರ ತಾಯಂದಿರು ನಮ್ಮ ಬೀದಿಯಲ್ಲೇ ಇನ್ನೂ ಇದ್ದಾರೆ. ಇವತ್ತು ದ್ಯಾವಣ್ಣನಲ್ಲಿಂದ ಬರುವಾಗ ಅವರಲ್ಲೊಬ್ಬಳ ಬಾಗಿಲ ಮುಂದೆ ನಿಂತೆ. ಅವಳು ಹೊರಗೆ ಬಂದು, ಏನು ಬೇಕಿತ್ತವ್ವ ಎಂದು ಕೇಳಿದಳು. ಎಲ್ಲಿಂದ ಶುರು ಮಾಡುವುದೆಂದು ತಿಳಿಯದೆ, ಏನಿಲ್ಲ ಎಂದು ಹೇಳಿ ಬಂದುಬಿಟ್ಟೆ. ಎಲ್ಲವನ್ನೂ ಬರೆಯಲು ನಿಮಗೆ ಪುರುಸೊತ್ತಿಲ್ಲದಿದ್ದರೆ, ವೆಯ್ ಆ ತಾಯಿಗೆ ಮೊದಲು ಹೇಳಿದ್ದು ಏನು, ಅದೊಂದನ್ನಾದರೂ ಬರೆಯಿರಿ.

ಹುಲಿಗೆಮ್ಮ