ಅಲಮೇಲು ಕ್ಲಚ್

ಎನ್.ಆರ್. ಕಾಲೋನಿ, ಬೆಂಗಳೂರು
ಗುರುವಾರ, ೧೩-೨-೨೦೨೫

ಪ್ರೀತಿಯ ಅಲಮೇಲು,

ಮಂಡಿ ನೋವು ಹೇಗಿದೆ? ಸುಪ್ರಜಾಳ ಮನೆಯ ಮೆಟ್ಟಿಲನ್ನು ದಿನಕ್ಕೆ ಎರಡು ಸಲಕ್ಕಿಂತ ಹೆಚ್ಚು ಹತ್ತಬೇಡ ಎಂದು ರೈಲು ಹತ್ತಿಸುವಾಗಲೇ ಹೇಳಿದ್ದೆ. ಅಜ್ಜಿ ಇಪ್ಪತ್ತು ಸಲ ಹತ್ತುತ್ತಾರೆ ಎಂದು ಅಕ್ಷಯಾ ನಿನ್ನೆ ಫೋನಿನಲ್ಲಿ ಚಾಡಿ ಹೇಳಿದಳು. ದೊಡ್ಡ ಮೊಮ್ಮಗಳು ನನ್ನ ಪಾರ್ಟಿ ಎಂಬುದು ನೆನಪಿರಲಿ. ಬಾಣಂತಿಯ ಬೆನ್ನು ನೋವು ಇಳಿಯಿತೇ? ಕೂಸು ಹಗಲೆಲ್ಲ ನಿದ್ದೆ ಮಾಡಿ ಸಂಜೆಯಾದರೆ ರಾಗ ತೆಗೆಯುತ್ತದೆಂದು ಕೇಳಿ ಸಂತೋಷವಾಯಿತು, ನನ್ನ ರಕ್ತ ಅದು. ಮಗಳು ತವರಿಗೆ ಬರುವ ಬದಲು ತವರೇ ಎದ್ದು ಮೈಸೂರಿಗೆ ಹೋಗಿ ನಾಳೆಗೆ ಐವತ್ತು ದಿನ. ನನ್ನ ಬಗ್ಗೆ ಚಿಂತೆ ಬೇಡ. ನೀನು ಮಾಡಿಟ್ಟು ಹೋದ ಪುಳಿಯೋಗರೆ ಗೊಜ್ಜು ತಳ ಕಂಡಿದೆ, ಅಷ್ಟೇ.

ದಿನಾ ಫೋನು ಮಾಡುವವನು ಕಾಗದ ಯಾಕೆ ಬರೆದ ಎಂದು ಗಾಬರಿಯಾಗಬೇಡ. ಫೋನು ಬಂದ ಕೂಡಲೇ ನೀನು ಸ್ಪೀಕರ್ ಹಾಕುತ್ತೀ. ಅಳಿಯಂದಿರ ಎದುರು ಹೇಳಲು ನನಗೆ ನಾಲಗೆ ಏಳುತ್ತಿಲ್ಲ. ಮೂವತ್ತಾರು ವರ್ಷ ಗಣಿತದ ಮೇಷ್ಟ್ರಾಗಿದ್ದವನು ನಾನು, ಬೋರ್ಡಿನ ಮುಂದೆ ನಿಂತು ತಪ್ಪು ನನ್ನದೇ ಎಂದು ಒಪ್ಪಿಕೊಂಡು ಅಭ್ಯಾಸವಿಲ್ಲ. ಮೊದಲು ನೀನೊಬ್ಬಳೇ ಕೂತು ಓದು.

ಕಳೆದ ಶನಿವಾರ ಗಾಂಧಿ ಬಜಾರಿಗೆ ಹೋಗಿ, ಚಾಮರಾಜಪೇಟೆಯಲ್ಲಿ ಗೆಳೆಯ ವೆಂಕಟಾಚಲನನ್ನೂ ನೋಡಿಕೊಂಡು ಕಾರಿನಲ್ಲಿ ವಾಪಸು ಬರುತ್ತಿದ್ದೆ. ಬುಲ್ ಟೆಂಪಲ್ ರಸ್ತೆಯ ಏರಿನಲ್ಲಿ, ಬಸವಣ್ಣನ ಗುಡಿ ಇನ್ನೂ ಅಷ್ಟು ದೂರ ಇದೆ ಎನ್ನುವಾಗ, ಕಾರು ಅರಚಿತೇ ಹೊರತು ಹತ್ತಲಿಲ್ಲ. ಆಕ್ಸಿಲರೇಟರ್ ಒತ್ತಿದಷ್ಟೂ ಸದ್ದು, ಒಂದಡಿ ಮುಂದಕ್ಕಿಲ್ಲ. ಆಮೇಲೆ ಆ ಸುಟ್ಟ ವಾಸನೆ. ಹಿಂದಿನ ಆಟೋದವನು ತಲೆ ಹೊರಗೆ ಹಾಕಿ, "ಕ್ಲಚ್ ಹೋಯ್ತು ಸಾರ್, ಸೈಡಿಗೆ ಹಾಕ್ಬಿಡಿ," ಎಂದ. ಎಂಟು ವರ್ಷದ ಹಿಂದೆಯೂ ಅದೇ ಏರು, ಅದೇ ವಾಸನೆ. ನಿನಗೆ ಮರೆತಿರಲಾರದು.

ಅವತ್ತು ರಾಮನವಮಿಯ ಕಚೇರಿ ಕೇಳಿಕೊಂಡು ಬರುತ್ತಿದ್ದೆವು, ನೀನು ಓಡಿಸುತ್ತಿದ್ದೆ. ಐವತ್ತೆರಡನೆಯ ವಯಸ್ಸಿನಲ್ಲಿ ಹಟ ಹಿಡಿದು ಕಲಿತು, ಲೈಸೆನ್ಸ್ ತೆಗೆದುಕೊಂಡು ಆರು ವಾರವಾಗಿತ್ತು. ಹಿಂದಿನ ಸೀಟಿನಲ್ಲಿ ನನ್ನ ತಮ್ಮ ರಾಘವ, ಅವನ ಹೆಂಡತಿ. ವಾಸನೆ ಬಂದದ್ದೇ ತಡ, "ಕ್ಲಚ್ ಮೇಲಿಂದ ಕಾಲು ತೆಗಿಯೇ! ಹೊಲಿಗೆ ಮಿಷನ್ನು ಅಂದ್ಕೊಂಡಿದೀಯಾ?" ಎಂದು ಕೂಗಿದೆ. "ಕಾಲು ಕೆಳಗೇ ಇದೆಯಲ್ರೀ," ಎಂದೆ ನೀನು. "ಕುಣಿಯಲಾರದವಳು ನೆಲ ಡೊಂಕು ಅಂದಳಂತೆ," ಎಂದೆ ನಾನು. ರಾಘವ ನಕ್ಕ. ನೀನು ಕಾರನ್ನು ಬದಿಗೆ ನಿಲ್ಲಿಸಿ, ಇಳಿದು, ಕೀಯನ್ನು ನನ್ನ ಕೈಗಿಟ್ಟು ಹಿಂದೆ ಹೋಗಿ ಕೂತೆ. ಮತ್ತೆಂದೂ ಕೀ ಕೇಳಲಿಲ್ಲ.

ಅಷ್ಟಕ್ಕೇ ಬಿಟ್ಟೆನೇ ನಾನು? ಹಾಲು ಸೀದರೆ "ಅಲಮೇಲು ಕ್ಲಚ್", ಮಿಕ್ಸಿಯಿಂದ ಹೊಗೆ ಬಂದರೆ "ಅಲಮೇಲು ಕ್ಲಚ್". ಅಕ್ಷಯಾಳ ಕಿವಿ ಚುಚ್ಚಿಸಿದ ದಿನ ಅಡಿಗೆಯವರು ಒಬ್ಬಟ್ಟಿನ ಹೂರಣ ತಳ ಹಿಡಿಸಿದಾಗ ಪಂಕ್ತಿಯಲ್ಲಿ ಕೂತ ಅರವತ್ತು ಜನ ಒಟ್ಟಿಗೆ ಆ ಮಾತು ಹೇಳಿ ನಕ್ಕರು. ಈಗ ಆ ಪುಟ್ಟ ಹುಡುಗಿಯೂ ಹೇಳುತ್ತಾಳೆ. ನೀನೂ ನಗುತ್ತಿದ್ದೆ. ನಗುತ್ತಿದ್ದೀ ಎಂದು ನಾನು ಅಂದುಕೊಂಡಿದ್ದೆ.

ಕಾರನ್ನು ಮಾವಳ್ಳಿಯ ಸೊಣ್ಣಪ್ಪ ತನ್ನ ಗ್ಯಾರೇಜಿಗೆ ಎಳೆಸಿಕೊಂಡು ಹೋದ. ಎಂಟು ವರ್ಷದ ಹಿಂದೆ ಹೊಸ ಕ್ಲಚ್ ಹಾಕಿದವನೂ ಅವನೇ. ಸೋಮವಾರ ಗೇರ್‌ಬಾಕ್ಸ್ ಇಳಿಸಿ ಕ್ಲಚ್ ಪ್ಲೇಟನ್ನು ತೆಗೆದು ತೋರಿಸಿದ. ತಿಂಡಿ ತಟ್ಟೆಯಷ್ಟಗಲ ಇದೆ ಮಾರಾಯ್ತಿ, ಅದೇ ಇಷ್ಟು ದಿನ ನಮ್ಮನ್ನು ಹೊತ್ತು ತಿರುಗಿದ್ದು. ಹಿಡಿತಕ್ಕೆಂದು ಎರಡು ಕಡೆಗೂ ಮೆತ್ತಿದ ಪದರ ಪೂರ್ತಿ ಸವೆದು ರಿವೆಟ್ಟುಗಳು ಕಾಣುತ್ತಿದ್ದವು. "ಅಮ್ಮಾವ್ರು ಈಗ್ಲೂ ಓಡಿಸ್ತಾರಾ ಸಾರ್?" ಎಂದು ಕೇಳಿದ. ಇಲ್ಲಪ್ಪಾ, ನೀನು ಇದನ್ನು ಹಾಕಿದ ಮೇಲೆ ನಾನೊಬ್ಬನೇ ಎಂದೆ. ಅವನು ಕೈ ಒರೆಸಿಕೊಂಡ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವನ ಹಾಗೆ ನಾನೇ ಸಿಗ್ನಲ್ಲು, ಟ್ರಾಫಿಕ್ಕು, ರಸ್ತೆ ಗುಂಡಿ ಎಂದು ಒಂದಾದ ಮೇಲೊಂದು ನೆಪ ಹೇಳತೊಡಗಿದೆ.

ನಿನ್ನೆ ಕೆಲಸ ಮುಗಿದಿತ್ತು. "ಬನ್ನಿ ಸಾರ್, ನೀವೇ ಓಡ್ಸಿ, ನಾನ್ ಪಕ್ಕದಲ್ಲಿ ಕೂತ್ಕೋತೀನಿ," ಎಂದ. ಹೊಸ ಕ್ಲಚ್ಚು, ಬೆಣ್ಣೆ! ಖುಷಿಯಲ್ಲಿ ನನ್ನ ಪೆನ್‌ಡ್ರೈವಿನ ಕಲ್ಯಾಣಿ ಹಾಕಿದೆ. ಲಾಲ್‌ಬಾಗಿನ ಗೇಟು ದಾಟುವಾಗ ನೋಡುತ್ತೇನೆ, ಈ ಪುಣ್ಯಾತ್ಮ ನನ್ನ ಕಾಲನ್ನೇ ದುರುಗುಟ್ಟಿ ನೋಡುತ್ತಿದ್ದಾನೆ.

"ಸಾರ್, ನಿಮ್ ಎಡಗಾಲು ಏನ್ಮಾಡ್ತಿದೆ?"

ಬಗ್ಗಿ ನೋಡಿದೆ. ತಾಳ ಹಾಕುತ್ತಿದೆ ಅಲಮೇಲು! ಕ್ಲಚ್ ಪೆಡಲ್ಲಿನ ಮೇಲೆ, ಒಂದು ಎಣಿಕೆಯೂ ತಪ್ಪದೆ ಆದಿತಾಳ ಹಾಕುತ್ತಿದೆ. ಕೈ ಸ್ಟೀರಿಂಗಿನಲ್ಲಿರುತ್ತದಲ್ಲ, ತೊಡೆ ತಟ್ಟುವ ಹಾಗಿಲ್ಲ, ಹಾಗಾಗಿ ತಾಳ ಯಾವಾಗಲೋ ಎಡಗಾಲಿಗೆ ಇಳಿದುಬಿಟ್ಟಿದೆ. ಒಂದೊಂದು ಪೆಟ್ಟಿಗೂ ಕ್ಲಚ್ಚಿನ ಹಿಡಿತ ಇಷ್ಟಿಷ್ಟೇ ಸಡಿಲವಾಗಿ, ಪ್ಲೇಟು ಜಾರಿ ಉಜ್ಜಿ ಸವೆಯುತ್ತದಂತೆ. ಎಂಟು ವರ್ಷ ನಾನು ಕಲ್ಯಾಣಿ, ತೋಡಿ, ಕಾಂಬೋಧಿ ಎಲ್ಲಕ್ಕೂ ಅದನ್ನೇ ತುಳಿದಿದ್ದೇನೆ. ನಾನು ತೊದಲುತ್ತಾ, ಮತ್ತೆ ಅಲಮೇಲು ಓಡಿಸುವಾಗ ಹೋದ ಆ ಮೊದಲಿನ ಪ್ಲೇಟು ಎಂದೆ. ಸೊಣ್ಣಪ್ಪ ಮೆತ್ತಗೆ, "ಆರು ವಾರಕ್ಕೆಲ್ಲಾ ಕ್ಲಚ್ ಹೋಗಲ್ಲ ಸಾರ್. ಅದನ್ನೂ ನೀವೇ ತಿಂದಿದ್ದು. ಪಾಪ, ಅಮ್ಮಾವ್ರ ಕೈಗೆ ಬಂದಾಗ ಪ್ರಾಣ ಬಿಟ್ಟಿದೆ ಅಷ್ಟೇ," ಎಂದ.

ಕಾರನ್ನು ಬದಿಗೆ ಹಾಕಿ ಕಲ್ಯಾಣಿಯನ್ನು ನಿಲ್ಲಿಸಿದೆ. "ಕಾಲು ಕೆಳಗೇ ಇದೆಯಲ್ರೀ" ಎಂದಿದ್ದೆಯಲ್ಲ, ಆಗ ಒಂದು ಸಲ ಬಗ್ಗಿ ನೋಡಿದ್ದರೆ ಸಾಕಿತ್ತು. ನೋಡಲಿಲ್ಲ. ಶಾಲೆಯಲ್ಲಿ ಹುಡುಗರ ಉತ್ತರ ಓದದೆ ಸೊನ್ನೆ ಹಾಕಿದವನಲ್ಲ ನಾನು, ನಿನಗೆ ಮಾತ್ರ ಹಾಕಿದೆ. ತಪ್ಪು ನನ್ನದು ಅಲಮೇಲು, ಪೂರ್ತಿ ನನ್ನದು. ಎಂಟು ವರ್ಷ ನಿನ್ನ ಹೆಸರನ್ನು ಸೀದ ಪಾತ್ರೆಗೆಲ್ಲ ಕಟ್ಟಿದ್ದು ನೆನೆದರೆ ನಾಚಿಕೆಯಾಗುತ್ತದೆ. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎಂಬ ಜಾತಿ ನನ್ನದು, ನಿನಗೆ ಗೊತ್ತು. ಈ ಸಲ ಮೀಸೆಯೂ ಮಣ್ಣಾಗಿದೆ.

ಆ ಸವೆದ ಪ್ಲೇಟನ್ನು ತೊಳೆದು ತಂದು ಹಾಲಿನ ಶೋಕೇಸಿನಲ್ಲಿ, ನನ್ನ ಉತ್ತಮ ಶಿಕ್ಷಕ ಫಲಕದ ಪಕ್ಕದಲ್ಲಿ ಇಟ್ಟಿದ್ದೇನೆ. ಇವತ್ತು ಬೆಳಿಗ್ಗೆ ರಾಘವ ಬಂದವನು ಏನಣ್ಣಾ ಇದು ಎಂದ. ಅಲಮೇಲು ಕ್ಲಚ್ ಅಲ್ಲಪ್ಪಾ, ಬದರಿ ಕ್ಲಚ್ ಎಂದೆ. ಎಲ್ಲವನ್ನೂ ಹೇಳಿದೆ. ಅವನು ನಗಲಿಲ್ಲ. "ಅತ್ತಿಗೆ ಹತ್ರ ನಾನೂ ಕ್ಷಮೆ ಕೇಳ್ಬೇಕು," ಎಂದ. ನೀನು ಓದಿ ಮುಗಿಸಿದ ಮೇಲೆ ಈ ಕಾಗದವನ್ನು ಸುಪ್ರಜಾಳ ಕೈಗೆ ಕೊಟ್ಟು ಎಲ್ಲರಿಗೂ ಕೇಳಿಸುವಂತೆ ಓದಿಸು. ಅಕ್ಷಯಾ ಎದುರಿಗೇ ಕೂತಿರಲಿ. ಹತ್ತು ಜನರ ಮುಂದೆ ಅಂದ ಮಾತನ್ನು ಗುಟ್ಟಾಗಿ ವಾಪಸು ತೆಗೆದುಕೊಳ್ಳಲಾಗದು.

ಅಳಿಯಂದಿರಿಗೆ ನನ್ನ ನೆನಪು ಹೇಳು. ಬಾಣಂತಿ, ಮಕ್ಕಳು ಎಲ್ಲರೂ ಸುಖವಾಗಿರಲಿ. ಮಂಡಿಗೆ ಎಣ್ಣೆ ಹಚ್ಚಿಕೋ.

ಇತಿ, ಕಾಲು ಕೆಳಗಿಟ್ಟುಕೊಂಡು ಬರೆಯುತ್ತಿರುವ ನಿನ್ನ,
ಬದರೀನಾರಾಯಣ

ತಾ.ಕ.: ಅಂಚೆಗೆ ಹಾಕುವ ಮುಂಚೆ ಇದೊಂದು. ಸೊಣ್ಣಪ್ಪನ ಹಳೆಯ ರಸೀತಿ ಹುಡುಕುತ್ತಾ ನಿನ್ನ ಬೀರುವನ್ನು ತೆಗೆದೆ, ಬೈಯಬೇಡ. ರವಿಕೆ ಕಣಗಳ ಕೆಳಗೆ ನಿನ್ನ ಲೈಸೆನ್ಸ್ ಸಿಕ್ಕಿತು. ೨೦೨೨ರಲ್ಲಿ ರಿನ್ಯೂ ಮಾಡಿಸಿದ್ದೀ, ೨೦೨೭ರವರೆಗೆ ಇದೆ. ಕೀಯನ್ನೇ ಮುಟ್ಟದವಳು ಯಾರಿಗೂ ಹೇಳದೆ ಆರ್‌ಟಿಓ ಕ್ಯೂನಲ್ಲಿ ಹೋಗಿ ನಿಂತಿದ್ದೆಯಲ್ಲೇ! ಓದಿ ನನಗೆ ಕಣ್ಣು ಮಂಜಾಯಿತು. ಕಾರ್ಡು ಈಗ ನನ್ನ ಜೇಬಿನಲ್ಲಿದೆ. ಶುಕ್ರವಾರ ೨೧ಕ್ಕೆ ಕಾರು ತೆಗೆದುಕೊಂಡು ಬರುತ್ತೇನೆ. ಎರಡು ದಿನ ಬೆಳಿಗ್ಗೆ ಅಲ್ಲೇ ಖಾಲಿ ರಸ್ತೆಯಲ್ಲಿ ಕೈ ಪಳಗಿಸಿಕೋ. ಭಾನುವಾರ ಮನೆಗೆ ಓಡಿಸಿಕೊಂಡು ಬರುವವಳು ನೀನು, ಬುಲ್ ಟೆಂಪಲ್ ರಸ್ತೆಯ ಏರಿನ ಕಡೆಯಿಂದಲೇ ಬರೋಣ. ನಾನು ಪಕ್ಕದಲ್ಲಿ ಕೂತು ತೊಡೆಯ ಮೇಲೆ ತಾಳ ಹಾಕಿಕೊಳ್ಳುತ್ತೇನೆ.